ಬಾಲ ಬರದ ನವಿಲು

ಚೀಸ್ ಅಂಗಡಿಯ ನಜ್ಮಿ ನನಗೊಂದು ನವಿಲಿನ ಬಾಲ ಕೊಡಬೇಕು. ತಲೆ ತಂದುಕೊಟ್ಟಿದ್ದಾನೆ, ಕತ್ತು ತಂದುಕೊಟ್ಟಿದ್ದಾನೆ, ಎದೆಯ ಅರ್ಧದವರೆಗೂ ತಂದಿದ್ದಾನೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ವರ್ಷಗಳೇ ಆದವು. ಇವತ್ತಿಗೂ ನಮ್ಮ ಬೀದಿಯಲ್ಲಿ ಅವನ ಸೈಕಲ್ಲಿನ ಗಂಟೆ ಕೇಳಿಸಿದರೆ ನನ್ನ ಕೈಯ ಉಳಿ ಬೇಕಾದ್ದಕ್ಕಿಂತ ಒಂದೆಳೆ ಆಳಕ್ಕೆ ಇಳಿದುಬಿಡುತ್ತದೆ.

ನನ್ನ ಹೆಸರು ಮತ್ವಲ್ಲಿ. ದಮಿಯಾತ್ ಊರಿನಲ್ಲಿ ಮಂಚ, ಬೀರು, ಕುರ್ಚಿಗಳಿಗೆ ಕೆತ್ತನೆ ಮಾಡುವವನು. ಶಾಲೆಗೂ ನನಗೂ ಬಹಳ ಬೇಗ ಜಗಳವಾಯಿತು. ನಮ್ಮೂರಲ್ಲಿ ಬಡಗಿಯಲ್ಲದವನು ಬಡಗಿಯ ಭಾವಮೈದುನನಾಗಿರುತ್ತಾನೆ, ಹಾಗಾಗಿ ಅದು ದೊಡ್ಡ ನಷ್ಟವೇನೂ ಆಗಲಿಲ್ಲ. ನಷ್ಟ ಬೇರೆ ಕಡೆ ಇದೆ. ನಾನು ತಿಂಗಳುಗಟ್ಟಲೆ ಕೂತು ಒಂದು ಮಂಚದ ತಲೆಹಲಗೆಯ ಮೇಲೆ ಗುಲಾಬಿ ಬಳ್ಳಿ ಹಬ್ಬಿಸುತ್ತೇನೆ. ವ್ಯಾಪಾರಿ ಬರುತ್ತಾನೆ, ಎತ್ತಿಕೊಂಡು ಹೋಗುತ್ತಾನೆ, ತನ್ನ ಹೆಸರಿನ ಹಿತ್ತಾಳೆ ತಗಡು ಹೊಡೆದು ಕೈರೋದ ಯಾವನೋ ಮದುಮಗನಿಗೆ ಮಾರುತ್ತಾನೆ. ಆ ಮದುಮಗ ಮುದುಕನಾಗುವವರೆಗೂ ಅದರ ಮೇಲೆ ಮಲಗುತ್ತಾನೆ, ನನ್ನ ಹೆಸರನ್ನು ಮಾತ್ರ ಕೇಳಿರುವುದಿಲ್ಲ. ಅದಕ್ಕೇ ಒಂದು ಪುಟ್ಟ ಕ್ಯಾಮೆರಾ ಕೊಂಡೆ. ಮಾಲು ಹೊರಡುವ ಮುಂಚೆ ಒಂದೊಂದಕ್ಕೂ ಫೋಟೊ. ಫೋಟೊಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ. ನಿನ್ನ ಕೈ ಇಷ್ಟು ವರ್ಷ ಏನು ಮಾಡಿತಪ್ಪಾ ಅಂತ ಯಾರಾದರೂ ಕೇಳಿದರೆ ತೋರಿಸಲು ನನ್ನ ಬಳಿ ಇದ್ದದ್ದು ಅಷ್ಟೇ.

ಈಗ ನಜ್ಮಿಯ ವಿಷಯ. ಬೆಳಿಗ್ಗೆ ಸೋದರಮಾವನ ಅಂಗಡಿಯಲ್ಲಿ ಬಿಳಿ ಚೀಸ್ ಕುಯ್ದು ತೂಗುತ್ತಿದ್ದ. ಮಧ್ಯಾಹ್ನದ ಮೇಲೆ ಸೈಕಲ್ ಏರಿ ಊರವರ ಕಂಪ್ಯೂಟರ್ ನೋಡಲು ಹೊರಡುತ್ತಿದ್ದ. ಚೀಸ್ ಮುಳುಗಿಸಿಡುವ ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಅವನ ಬೆರಳುಗಳು ಸದಾ ನಿರಿಗೆಗಟ್ಟಿರುತ್ತಿದ್ದವು. ಯಾವ ಮನೆಯ ಕೀಬೋರ್ಡ್ ಮೂಸಿದರೂ ನಜ್ಮಿ ಬಂದುಹೋಗಿದ್ದಾನೋ ಇಲ್ಲವೋ ಹೇಳಬಹುದಿತ್ತು. ಅಂಗಿಯ ಜೇಬಿನಲ್ಲಿ ಚೀಸ್ ಕಟ್ಟುವ ಕಾಗದದಲ್ಲಿ ಸುತ್ತಿದ ಒಂದು ಸಿ.ಡಿ. ಅವನ ಉಪಕರಣ ಅಂದರೆ ಅದೊಂದೇ.

ಆಗ ನಮ್ಮಲ್ಲಿ ಯಾರೂ ಡಿಸ್ಕನ್ನು ಇಡಿಯಾಗಿ ಬಿಡುತ್ತಿರಲಿಲ್ಲ. ಅದನ್ನು ಪಾರ್ಟಿಷನ್ ಮಾಡಿಸಬೇಕು. ‘ಸಿ’ ಅನ್ನುವ ಭಾಗ ಯಂತ್ರದ್ದು, ಉಳಿದದ್ದು ಮನೆಯವರದ್ದು. ವೈರಸ್ ಹೊಕ್ಕು ಯಂತ್ರದ ಭಾಗವನ್ನು ಅಳಿಸಿ ಮತ್ತೆ ಹಾಕಬೇಕಾಗಿ ಬಂದರೂ ಮನೆಯವರ ಸಾಮಾನಿಗೆ ಧಕ್ಕೆಯಾಗಬಾರದು. ಈ ಕೆಲಸದಲ್ಲಿ ನಜ್ಮಿಗೆ ಒಂದು ಕ್ರಮವಿತ್ತು. ಬಂದವನೇ ಯಂತ್ರ ಮುಟ್ಟುತ್ತಿರಲಿಲ್ಲ. ಟೀ ಕುಡಿಯುತ್ತ ಯಾರು ಯಾವ ಮಹಡಿಯಲ್ಲಿದ್ದಾರೆ, ಯಾರಿಗೆ ಎಷ್ಟು ಮಕ್ಕಳು, ಯಾರ್ಯಾರ ನಡುವೆ ಮಾತಿಲ್ಲ, ಎಲ್ಲ ವಿಚಾರಿಸಿಕೊಂಡು ಆಮೇಲೆ ಗೋಡೆ ಎಬ್ಬಿಸುತ್ತಿದ್ದ. ಮಾತು ಬಿಟ್ಟ ಅತ್ತೆ ಸೊಸೆಯರ ನಡುವೆ ಮಾವನ ಪಾರ್ಟಿಷನ್ ಇಡುತ್ತಿದ್ದ.

“ಚೀಸ್ ಒಂದ್ಸಲ ಕುಯ್ದ್ರೆ ಮತ್ತೆ ಅಂಟಲ್ಲ ಉಸ್ತಾ,” ಅನ್ನುತ್ತಿದ್ದ ನನಗೆ; ನುರಿತ ಕಸುಬುದಾರನನ್ನು ನಮ್ಮಲ್ಲಿ ಕರೆಯುವುದೇ ಉಸ್ತಾ ಅಂತ. “ಡಿಸ್ಕು ಅಂಟುತ್ತೆ. ಅದಕ್ಕೇ ಮಾವನ ಕೆಲಸಕ್ಕಿಂತ ಇದೇ ನನಗಿಷ್ಟ.”

ಊರಿಗೆಲ್ಲ ಜಾಗ ಹಂಚುವ ಈ ಮನುಷ್ಯ ತಾನು ಮಾತ್ರ ತಾಯಿಯ ಜೊತೆ ಒಂದೇ ಕೋಣೆಯಲ್ಲಿದ್ದ. ಕೋಣೆಯ ನಡುವೆ ಒಂದು ಬೀರು. ಈಚೆಗೆ ಅವನ ಚಾಪೆ, ಆಚೆಗೆ ತಾಯಿಯ ಮಂಚ. ನಿಶ್ಚಿತಾರ್ಥವಾಗಿತ್ತು. ಹುಡುಗಿ ಸನಿಯ್ಯಾ, ಬೀರು ಇನ್ನೆರಡು ಗೇಣು ಸರಿಯಲಿ ಅಂತ ಕಾಯುತ್ತಿದ್ದಳು.

ನಮ್ಮ ಮನೆ ಅಪ್ಪ ಕಟ್ಟಿಸಿದ್ದು. ನೆಲಮಹಡಿಯಲ್ಲಿ ಅಮ್ಮ, ಪಕ್ಕದಲ್ಲಿ ನನ್ನ ಕಾರ್ಖಾನೆ. ಮೇಲೆ ಅಣ್ಣ ಬದರಾವಿ, ಅವನ ಮೇಲೆ ನಾನು, ನನ್ನ ಮೇಲೆ ತಮ್ಮ ಯುಸ್ರಿ. ಕಂಪ್ಯೂಟರ್ ಮೂವರೂ ಸೇರಿ ತಂದದ್ದು. ಒಬ್ಬನ ಮಹಡಿಯಲ್ಲಿಡಲು ಉಳಿದಿಬ್ಬರು ಒಪ್ಪದೆ ಅದು ಅಮ್ಮನ ನಡುಮನೆಯಲ್ಲಿ ಕೂತಿತು. ಅಮ್ಮ ಅದಕ್ಕೆ ಕ್ರೋಶಾದಲ್ಲಿ ಹೆಣೆದ ಹೊದಿಕೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೂವಿಟ್ಟಳು. ನಜ್ಮಿ ಡಿಸ್ಕನ್ನೂ ನಮ್ಮ ಮನೆಯ ಹಾಗೇ ಭಾಗ ಮಾಡಿದ: ‘ಡಿ’ ಬದರಾವಿಗೆ, ‘ಇ’ ನನಗೆ, ‘ಎಫ್’ ಯುಸ್ರಿಗೆ. ಕೆಲವು ಕಾಲ ಶಾಂತಿಯಿತ್ತು.

ಆಮೇಲೆ ಬದರಾವಿಯ ಮನೆ ತುಂಬಿತು. ಮಗಳ ಮದುವೆಯ ವಿಡಿಯೊ, ಕುಸ್ತಿ ವಿಡಿಯೊ, ಮದುವೆಯಲ್ಲಿ ಕುಸ್ತಿಯಾದ ವಿಡಿಯೊ. ಅವನ ಸ್ವಭಾವವೇ ಹಾಗೆ. ಮನೆಯ ಮೆಟ್ಟಿಲ ಚೌಕದಲ್ಲೂ ಚಪ್ಪಲಿ ಬೀರು ಇಟ್ಟು ಅರ್ಧ ದಾರಿ ನುಂಗಿದ್ದವನು. ಯುಸ್ರಿಯ ಭಾಗದಲ್ಲಿ ಜಾಗ ಖಾಲಿ ಬಿದ್ದಿತ್ತು. ಇಬ್ಬರೂ ಮಾತಾಡಿಕೊಂಡರು, ನಜ್ಮಿಯನ್ನು ಕರೆಸಿದರು. ನನಗೆ ತಿಳಿದದ್ದು ನಜ್ಮಿ ಕಾರ್ಖಾನೆಗೆ ಬಂದಾಗ.

“ಉಸ್ತಾ, ಸ್ವಲ್ಪ ಕೂತ್ಕೊಳ್ಳಿ.”

“ಕೂತ್ಕೊಳ್ಳಿ ಅಂದ್ರೆ ಕೆಟ್ಟ ಸುದ್ದಿ. ನಿಂತೇ ಕೇಳ್ತೀನಿ, ಬೊಗಳು.”

“ಬದರಾವಿ ಅಣ್ಣಂಗೆ ಜಾಗ ಬೇಕಂತೆ. ಯುಸ್ರಿ ಕೊಡ್ತಾನಂತೆ.”

“ಕೊಡ್ಲಿ. ನನಗೇನು?”

“ನೀವು ಮಧ್ಯದಲ್ಲಿದ್ದೀರಲ್ಲ.”

“ಹುಟ್ಟಿದಾಗಿಂದ ಮಧ್ಯದಲ್ಲೇ ಇದ್ದೀನಿ. ಅದಕ್ಕೆ?”

ನಜ್ಮಿ ನನ್ನ ಮೇಜಿನ ಮೇಲಿದ್ದ ಮರದ ತುಂಡುಗಳನ್ನು ಸಾಲಾಗಿಟ್ಟ. “ಡಿಸ್ಕಲ್ಲಿ ಜಾಗ ಹಾರ್ಕೊಂಡು ಹೋಗಲ್ಲ ಉಸ್ತಾ. ಯುಸ್ರಿ ಬಿಟ್ಟಿದ್ದು ನಿಮ್ಮ ಬಲಗಡೆ ಸಿಗುತ್ತೆ. ಅಣ್ಣಂಗೆ ಬೇಕಾಗಿರೋದು ನಿಮ್ಮ ಎಡಗಡೆ. ಅಂದ್ರೆ ನೀವು ಸಾಮಾನೆಲ್ಲ ತಲೆ ಮೇಲೆ ಹೊತ್ಕೊಂಡು ಬಲಕ್ಕೆ ಸರೀಬೇಕು. ಮೈಕ್ರೋಬಸ್ಸಲ್ಲಿ ದಪ್ಪ ಮನುಷ್ಯ ಹತ್ತಿದಾಗ ಸರಿಯಲ್ವಾ, ಹಾಗೆ.”

“ಬೇಕು ಅನ್ನೋನು ಅವನು, ಕೊಡೋನು ಇವನು, ಸಾಮಾನು ಹೊರೋನು ನಾನಾ?”

ನನ್ನ ಗಂಟಲು ಸಣ್ಣದಲ್ಲ. ಮೇಲಿನಿಂದ ಬದರಾವಿ ಇಣುಕಿದ. “ಲೇ ಮತ್ವಲ್ಲಿ! ಒಂದು ಗೇಣು ಸರಿಯಕ್ಕೆ ಬೀದೀನೆಲ್ಲ ಎಬ್ಬಿಸ್ತೀಯಾ?”

“ನೀನು ಮೊದಲು ನಿನ್ನ ಚಪ್ಪಲಿ ಬೀರು ಸರಿಸು, ಆಮೇಲೆ ನನ್ನ ಸರಿಸುವಂತೆ!”

“ಚಪ್ಪಲಿ ಬೀರು ಏನು ಮಾಡ್ತೋ ನಿನಗೆ?”

“ಮೊಣಕಾಲು ನೋಡು ಬಾ, ಅದರ ಮೂಲೆ ಇನ್ನೂ ಅಚ್ಚೊತ್ತಿದೆ!”

ಅಮ್ಮ, ಅಂದರೆ ಹಜ್ ಮಾಡಿ ಬಂದವಳೆಂದು ಬೀದಿಯವರೆಲ್ಲ ಹಾಗ್ಗಾ ಅಂತ ಕರೆಯುವ ಇನ್ಶಿರಾಹ್, ಒಳಗಿನಿಂದ ತೀರ್ಪು ಕೊಟ್ಟಳು: “ಅಣ್ಣಂಗೆ ಜಾಗ ಬಿಡು ಮಗಾ. ಬಿಟ್ಟೋರಿಗೆ ದೇವರು ಕೊಡ್ತಾನೆ.” ಅಮ್ಮ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

“ನನ್ನ ಫೋಟೊಗೇನಾದ್ರೂ ಆದ್ರೆ?” ಅಂದೆ ನಜ್ಮಿಗೆ.

“ಭಯ ಇರೋದು ಕರೆಂಟಿಂದೊಂದೇ. ಸರೀತಾ ಇರೋವಾಗ ಕರೆಂಟ್ ಹೋದ್ರೆ, ನಿಮ್ಮ ಸಾಮಾನು ಅರ್ಧ ಹಳೇ ಮನೇಲಿ, ಅರ್ಧ ಹೊಸ ಮನೇಲಿ. ಬಾಗಿಲಲ್ಲಿ ಹೆಸರು ಎಲ್ಲೂ ಇರಲ್ಲ.”

“ಮೊದಲೇ ಬೇರೆ ಕಡೆ ಒಂದು ನಕಲು ಮಾಡಿಡು.”

“ಅಷ್ಟು ಜಾಗ ಈ ಬೀದೀಲಿ ಯಾರ ಹತ್ರ ಇದೆ ಹೇಳಿ, ಹೋಗಿ ಕೈಮುಗಿದು ಕೇಳ್ತೀನಿ.”

ಯಾರ ಬಳಿಯೂ ಇರಲಿಲ್ಲ. “ಒಂದೇ ಒಂದು ಎಲೆ ಕಳೆದ್ರೂ ನಿನ್ನ ಅರ್ಧ ಮೀಸೆ ಬೋಳಿಸ್ತೀನಿ,” ಅಂದೆ. “ಅರ್ಧ ಬಿಡ್ತೀರಲ್ಲ, ಸಾಕು,” ಅಂದ.

ಶುಕ್ರವಾರದ ಮಧ್ಯಾಹ್ನದ ನಮಾಜು ಮುಗಿಸಿ ಶುರು ಮಾಡಿದೆವು. ಅವತ್ತು ನಮ್ಮ ಮನೆ ಸಾವಿನ ಮನೆಯಷ್ಟು ಸ್ತಬ್ಧ. ನನ್ನ ಗರಗಸದ ಯಂತ್ರ ನಿಂತಿತು. ಅತ್ತಿಗೆಯ ಬಟ್ಟೆ ಒಗೆಯುವ ಯಂತ್ರಕ್ಕೆ ಬಾಗಿಲಿಗೇ ಹಗ್ಗ ಕಟ್ಟಿದೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹಂಡೆ, ಯುಸ್ರಿಯ ತಲೆಗೂದಲು ಒಣಗಿಸುವ ಬಂದೂಕು, ಎಲ್ಲ ವಶ. ಫ್ಯೂಸ್ ಹಾರುವಂತಹ ಒಂದು ಸಾಮಾನೂ ಬಿಡಲಿಲ್ಲ. ನಾನು ಮೆಟ್ಟಿಲ ಕೆಳಗೆ, ವಿದ್ಯುತ್ ಮೀಟರಿನ ಅಡಿಯಲ್ಲಿ ಮುಕ್ಕಾಲಿ ಹಾಕಿಕೊಂಡು, ಕೈಯಲ್ಲಿ ಉಳಿ ಹಿಡಿದು ಕೂತೆ. ಮೀಟರಿನ ಹತ್ತಿರ ನೊಣ ಬಂದರೂ ಕೇಳುತ್ತಿದ್ದೆ, ಯಾರು ಅಂತ.

ಒಳಗೆ ನಜ್ಮಿ ಒಬ್ಬನೇ, ಪರದೆಯ ಮೇಲೆ ನಿಧಾನವಾಗಿ ಬೆಳೆಯುವ ನೀಲಿ ಪಟ್ಟಿ ನೋಡುತ್ತ.

“ಎಲ್ಲಿಗೆ ಬಂತೋ?” ಅಂತ ಕೂಗಿದೆ.

“ನಿಮ್ಮ ಬೀರುಗಳು ದಾಟಿದ್ವು ಉಸ್ತಾ! ಈಗ ಮಂಚಗಳನ್ನ ಎತ್ತಿದೀನಿ!”

“ನಿಧಾನ! ಗೋಡೆಗೆ ತಾಗಿಸ್ಬೇಡ!”

ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆಯಿತು. ನಮ್ಮ ಮಸೀದಿಯ ಧ್ವನಿವರ್ಧಕ ಇರುವುದು ಸರಿಯಾಗಿ ನಮ್ಮ ಕಿಟಕಿಯ ಎದುರು. ದೀಪ ಒಮ್ಮೆಯೂ ಮಿಣುಕಿರಲಿಲ್ಲ. ದೇವರ ದಯೆ ಅಂದುಕೊಂಡೆ. ಆಜಾನ್ ಮುಗಿದು ಸ್ವಲ್ಪ ಹೊತ್ತಿಗೆ ನಜ್ಮಿ ಹೊರಗೆ ಬಂದ. ನಮಾಜಿಗೆ ಅಂತ ಕೈಕಾಲು ತೊಳೆದಿದ್ದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ ಅವನ ಅಂಗಡಿಯ ಸರಕಿನ ಬಣ್ಣಕ್ಕೆ ತಿರುಗಿತ್ತು.

“ಉಸ್ತಾ, ನನ್ನ ಕೈಯಿಂದ ತಪ್ಪಾಯ್ತು.”

“ಏನು ತಪ್ಪು?”

“ಮುಟ್ಟಬಾರದ್ದು ಮುಟ್ಟಿದೆ. ಯಂತ್ರ ನಿಂತೋಯ್ತು. ನಿಮ್ಮ ಭಾಗ… ತೆರೀತಾ ಇಲ್ಲ.”

ಆಮೇಲೆ ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಅವನ ಬೆರಳಿನಿಂದ ಶುರು ಮಾಡಿ ಅವನ ಮಾವನ ತಕ್ಕಡಿಯವರೆಗೂ ಹೋದೆ. ಕ್ಷೌರದ ಅಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಬಂದ, ಗಿರಾಕಿಯೂ ಬಂದ. ನಜ್ಮಿ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಅಮ್ಮ ಸಕ್ಕರೆ ನೀರಿನ ಲೋಟ ಹಿಡಿದು ಬಂದು ಅವನ ಕೈಗಿಟ್ಟಳು.

“ಕುಡಿಯೋ ನಜ್ಮಿ. ಸಾಕು ಮತ್ವಲ್ಲಿ, ಬಿಡು ಆ ಹುಡುಗನ್ನ. ನಾನೂ ಈಗ ಒಳಗೇ ಇದ್ದೆ, ಯಂತ್ರ ಚೆನ್ನಾಗೇ ಇತ್ತಪ್ಪ. ಪಾಪ, ಏನೋ ಕೈ ತಪ್ಪಿದೆ.”

ನಜ್ಮಿ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದ. “ಹೌದು ಹಾಗ್ಗಾ. ಕೈ ತಪ್ಪಿತು.”

ಡಿಸ್ಕನ್ನು ಬಿಚ್ಚಿ, ಅಮ್ಮ ಕೊಟ್ಟ ಟವೆಲ್ಲಿನಲ್ಲಿ ಸುತ್ತಿ, ಎಳೆ ಮಗುವಿನಂತೆ ಎದೆಗೊತ್ತಿಕೊಂಡು ಸೈಕಲ್ಲನ್ನು ತಳ್ಳಿಕೊಂಡೇ ಹೋದ. ನಾನು ಆ ವಾರವೆಲ್ಲ ಉಳಿ ಹಿಡಿಯಲಿಲ್ಲ. ವ್ಯಾಪಾರಿಯ ಅಂಗಡಿಯ ಮುಂದೆ ಹೋಗಿ ಗಾಜಿನಾಚೆ ಇದ್ದ ಮಂಚಗಳನ್ನು ನೋಡಿದೆ. ನನ್ನವೇ ಅಂತ ನನಗೆ ಗೊತ್ತು. ಬೇರೆ ಯಾರಿಗೆ ಹೇಳಿದರೂ ನಗುತ್ತಿದ್ದರು.

ಒಂದು ದಿನ ಗಂಟೆ ಬಾರಿಸುತ್ತ ನಜ್ಮಿ ಬಂದ. ಕಣ್ಣುಗಳು ಕೆಂಪಾಗಿದ್ದವು. “ಚಿತ್ರಗಳು ಸಿಗ್ತಾ ಇವೆ ಉಸ್ತಾ. ಆದ್ರೆ ಹೆಸರು ಇಲ್ಲ, ತಾರೀಖು ಇಲ್ಲ. ಬರೀ ನಂಬರು. ಮೂರು ಮನೆಯವರದ್ದೂ ಕಲಸಿಹೋಗಿದೆ. ನಿಮ್ಮದು ಯಾವುದು ಅಂತ ನೀವೇ ಹೇಳ್ಬೇಕು.”

ಅಮ್ಮನ ನಡುಮನೆಯಲ್ಲಿ ದಿನಾ ಕೂತೆವು. ಅವನು ಒಂದೊಂದೇ ತೆರೆಯುತ್ತಿದ್ದ, ನಾನು ಹೇಳುತ್ತಿದ್ದೆ: ಇದು ನನ್ನ ದ್ರಾಕ್ಷಿ, ಇದು ನನ್ನ ಹಂಸ, ಇದು ಯಾವನದೋ ದರಿದ್ರ ಗುಲಾಬಿ, ತೆಗಿ. ಕಷ್ಟ ಏನೆಂದರೆ, ಯಂತ್ರ ಬದುಕಿದ್ದ ಚಿತ್ರಗಳ ಜೊತೆ ಯಾವತ್ತೋ ಅಳಿಸಿದ್ದ ಚಿತ್ರಗಳನ್ನೂ ಎಬ್ಬಿಸಿ ತಂದಿತ್ತು. ರಾಸ್ ಅಲ್-ಬರ್ ಕಡಲತೀರದಲ್ಲಿ ಅತ್ತಿಗೆಯ ಹೂವಿನ ನಿಲುವಂಗಿ ತೊಟ್ಟು, ಸೊಂಟಕ್ಕೆ ದುಪಟ್ಟಾ ಬಿಗಿದು, ತಮಟೆ ಹಿಡಿದು ಕುಣಿಯುತ್ತಿರುವ ಬದರಾವಿ ಪರದೆ ತುಂಬ ಬಂದ. ಅದೇ ಹೊತ್ತಿಗೆ ಅತ್ತಿಗೆ ಟೀ ತಂದಳು.

“ಇದು ನನ್ನ ಬಟ್ಟೆ ಅಲ್ವಾ? ಯಾರೋ ಕದ್ದರು ಅಂದಿದ್ರಲ್ಲ ಇವರು!”

“ಕಳ್ಳ ಸಿಕ್ಕ ಅತ್ತಿಗೆ,” ಅಂದೆ. ಮೆಟ್ಟಿಲ ಮೇಲೆ ಬದರಾವಿಯ ಚಪ್ಪಲಿ ಸದ್ದು ಮೇಲಕ್ಕೆ ಓಡಿತು. ನನ್ನ ಕೋಪದಲ್ಲಿ ಒಂದು ಪಾಲು ಅವತ್ತೇ ಕರಗಿತು. ಯುಸ್ರಿಯೂ ಸಿಕ್ಕಿಬಿದ್ದ: ಯಾರದೋ ಕಾರಿಗೆ ಒರಗಿ ನಿಂತ ಚಿತ್ರಗಳು, ಒಂದೊಂದರಲ್ಲೂ ಬೇರೆ ಕಾರು.

ಬಹುಪಾಲು ಬಂತು. ನವಿಲು ಬರಲಿಲ್ಲ. ಬೀಚ್ ಅನ್ನುವ ಗಟ್ಟಿ ಮರದಲ್ಲಿ ನಾನು ಮಾಡಿದ್ದರಲ್ಲೆಲ್ಲ ಅದು ಮೇಲು. ತಲೆಹಲಗೆಯ ಅಗಲಕ್ಕೂ ಬಿಚ್ಚಿದ ಗರಿ, ಗರಿಗೊಂದು ಕಣ್ಣು, ಒಂದು ಕಣ್ಣು ಇನ್ನೊಂದರ ಹಾಗಿಲ್ಲ. ವ್ಯಾಪಾರಿ ಅದನ್ನು ಮಾರಿಬಿಟ್ಟಿದ್ದ, ಯಾರಿಗೆ ಅಂತ ನೆನಪಿಲ್ಲ ಅಂದ. ಕೊನೆಗೊಂದು ದಿನ ನಜ್ಮಿ ಒಂದು ನಂಬರು ತೆರೆದ. ಕಿರೀಟ ಬಂತು, ಕೊಕ್ಕು ಬಂತು, ಕತ್ತು ಇಳಿಯಿತು. ಎದೆಯ ಅರ್ಧಕ್ಕೆ ಚಿತ್ರ ನಿಂತು, ಕೆಳಗೆಲ್ಲ ಬೂದು.

“ಉಳಿದದ್ದೆಲ್ಲಿ?”

“ದಾರೀಲಿತ್ತು ಉಸ್ತಾ. ಆ ಗಳಿಗೇಲಿ ಅದೇ ಸರೀತಾ ಇತ್ತು ಅನ್ಸುತ್ತೆ.”

“ನನ್ನ ಬಾಲ ತಂದುಕೊಡು.”

“ತಂದುಕೊಡ್ತೀನಿ,” ಅಂದ. ಮೀಸೆಗೆ ನಾನು ಕೈ ಹಾಕಲಿಲ್ಲ.

ಚಳಿಗಾಲ ಬಂತು. ಹೊಸ ಡಿಸ್ಕು ಹಾಕಿಸಿದ್ದೆವು. ಅವತ್ತು ಅಸರ್ ಹೊತ್ತಿಗೆ ನಾನೊಬ್ಬನೇ ಕಂಪ್ಯೂಟರ್ ಮುಂದೆ ಕೂತು ನವಿಲಿನ ಅರ್ಧವನ್ನೇ ನೋಡುತ್ತಿದ್ದೆ. ಸಾಮಾನ್ಯವಾಗಿ ಆ ಹೊತ್ತಿಗೆ ಮಸೀದಿಗೆ ಹೊರಟುಬಿಡುತ್ತೇನೆ. ಅವತ್ತು ಕಾಲು ಉಳುಕಿತ್ತು. ಆಜಾನ್ ಶುರುವಾಯಿತು. ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ರೇಡಿಯೊ ಆರಿಸಿದಳು. ಟಿ.ವಿ. ಆರಿಸಿದಳು. ಆಜಾನ್ ಹೊತ್ತಿನಲ್ಲಿ ಮನೆಯಲ್ಲಿ ಏನೂ ಸದ್ದು ಮಾಡಕೂಡದು ಅನ್ನುವುದು ನಮಗೆಲ್ಲ ಗೊತ್ತಿದ್ದದ್ದೇ, ನಾನೇ ಗರಗಸ ನಿಲ್ಲಿಸುತ್ತೇನೆ. ಆಮೇಲೆ ಅಮ್ಮ ನನ್ನನ್ನು ದಾಟಿ, ಮೇಜಿನ ಹಿಂದೆ ಬಗ್ಗಿ, ಗೋಡೆಯಿಂದ ಪ್ಲಗ್ ಕಿತ್ತಳು. ನವಿಲು ಕಪ್ಪಾಯಿತು.

“ಅಮ್ಮಾ! ಏನು ಮಾಡ್ದೆ?”

“ಶ್ಶ್. ಆಜಾನ್ ಆಗ್ತಿದೆ.”

ಪೂರ್ತಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಮುಗಿದ ಮೇಲೆ ಪ್ಲಗ್ಗನ್ನು ಜೋಪಾನವಾಗಿ ಮತ್ತೆ ಸಿಕ್ಕಿಸಿದಳು. “ಇದು ಗುಂಯ್ ಅಂತಾನೇ ಇರುತ್ತಲ್ಲ ಮಗಾ. ಬಾಯಿ ಮುಚ್ಚಿಸೋ ಗುಂಡಿ ಯಾವುದು ಅಂತ ನನಗೆ ತಿಳಿಯಲ್ಲ. ತೆಗೆದು ಮತ್ತೆ ಹಾಕ್ತೀನಿ. ಯಾವಾಗ್ಲೂ ಹಾಕ್ತೀನಲ್ಲ.”

“ಯಾವಾಗ್ಲೂನಾ?”

“ನೀವೆಲ್ಲ ನಮಾಜಿಗೆ ಹೋಗಿರ್ತೀರಿ. ಅದಕ್ಕೂ ಒಂದು ಗಳಿಗೆ ಆಯಾಸ ಪರಿಹಾರ ಆಗುತ್ತೆ, ಪಾಪ.”

ಮೀಟರಿನ ಕೆಳಗೆ ಉಳಿ ಹಿಡಿದು ಕೂತ ನನ್ನ ಚಿತ್ರ ನನ್ನ ಕಣ್ಣೆದುರು ಬಂತು. ಇಡೀ ಬೀದಿಯ ಕರೆಂಟನ್ನು ಕಾದಿದ್ದೆ. ಉಳುಕಿದ ಕಾಲನ್ನು ಎಳೆದುಕೊಂಡು ಚೀಸ್ ಅಂಗಡಿಗೆ ಹೋದೆ. ನಜ್ಮಿ ಉಪ್ಪುನೀರಿನ ಡಬ್ಬದಿಂದ ಒಂದು ದೊಡ್ಡ ಗಡ್ಡೆ ಎತ್ತುತ್ತಿದ್ದ.

“ಪ್ಲಗ್ ಕಿತ್ತಿದ್ದು ಯಾರೋ?”

ಗಡ್ಡೆಯನ್ನು ಹಲಗೆಯ ಮೇಲಿಟ್ಟ. ಅಂಗಡಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡ. “ನಾನು ಕಾಲು ತೊಳೆದು ಬರೋವಾಗ ಹಾಗ್ಗಾ ವಾಪಸ್ ಸಿಕ್ಕಿಸ್ತಾ ಇದ್ರು. ‘ನೋಡು ನಜ್ಮಿ, ಮೊದಲು ಹೇಗಿತ್ತೋ ಹಾಗೇ ಹಾಕಿದೀನಿ’ ಅಂದ್ರು. ಏನ್ ಹೇಳ್ಲಿ?”

“ನನಗೆ ಹೇಳ್ಬೇಕಿತ್ತು! ಬೀದಿ ಮಧ್ಯ ನಿನ್ನ ಮಾವನ ತಕ್ಕಡಿವರೆಗೂ ಬೈಸ್ಕೊಂಡ್ಯಲ್ಲೋ, ಕತ್ತೆ!”

“ಹೇಳಿದ್ರೆ ಆ ಬೈಗುಳ ಎಲ್ಲಿಡ್ತಿದ್ರಿ ಉಸ್ತಾ? ಅಮ್ಮನ ಮೇಲೆ ಇಡೋಕಾಗಲ್ಲ, ನಿಮ್ಮೊಳಗೆ ಇಟ್ಕೊಂಡಿದ್ರೆ ಕಾಮಾಲೆ ಬರ್ತಿತ್ತು. ನನ್ನ ಹತ್ರ ಜಾಗ ಇತ್ತು.” ಚಾಕುವಿನಿಂದ ಒಂದು ಚೂರು ಕುಯ್ದು ನನ್ನ ಮುಂದೆ ಹಿಡಿದ. “ತಿನ್ನಿ. ಇವತ್ತಿಂದು ಚೆನ್ನಾಗಿದೆ.”

“ಹಾಗಾದ್ರೆ ನೀನೇನೂ ಕೊಡಬೇಕಾಗಿಲ್ಲ. ಬಾಲ ಬೇಡ, ಏನೂ ಬೇಡ.”

“ಅದು ಹೇಗಾಗುತ್ತೆ? ಆಜಾನ್ ಮಧ್ಯ ಬೀಳುತ್ತೆ ಅಂತ ಗೊತ್ತಿದ್ದೂ ಶುರು ಮಾಡಿದ್ದು ಯಾರು? ಯಂತ್ರ ಬಿಟ್ಟು ಎದ್ದೋನು ಯಾರು? ಹಾಗ್ಗಾ ಪ್ಲಗ್ ಮುಟ್ಟಿದ್ರು, ನವಿಲಿನ ಜವಾಬು ನನ್ನದು.”

ನನಗೆ ಮತ್ತೆ ಕೋಪ ಬಂತು. ಈ ಸಲ ಬೈಯಲು ಕಾರಣವೇ ಸಿಗಲಿಲ್ಲ. ಚೀಸ್ ತಿಂದು ಮನೆಗೆ ಬಂದೆ.

ಕೋಪ ಇಳಿಸಲು ನನಗೆ ಗೊತ್ತಿರುವುದು ಒಂದೇ ದಾರಿ. ಬೀಚ್ ಹಲಗೆ ತಂದು ಕೂತೆ. ಅವನ ಮದುವೆಗೆಂದು ಒಂದು ಮಂಚ, ಅದರ ತಲೆಹಲಗೆಯ ಮೇಲೆ ನವಿಲು. ಹಳೆಯದರ ಹಾಗಾಗಲಿಲ್ಲ, ಬೇರೆಯದೇ ಆಯಿತು, ಕೆಟ್ಟದ್ದೇನಲ್ಲ. ಕಂಬಳಿ ಹೊದಿಸಿ, ಗಾಡಿ ಮಾಡಿಕೊಂಡು ಹೋಗಿ ಅವನ ಬಾಗಿಲಲ್ಲಿ ಇಳಿಸಿದೆ. ಸನಿಯ್ಯಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು. ನಜ್ಮಿ ಗರಿಯ ಕಣ್ಣುಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ಕಂಬಳಿಯನ್ನು ಮತ್ತೆ ಹೊದಿಸಿದ.

“ವಾಪಸ್ ತಗೊಂಡು ಹೋಗಿ ಉಸ್ತಾ. ಬಾಲ ಕೊಡದೆ ಇದರ ಮೇಲೆ ಮಲಗಿದ್ರೆ ನನಗೆ ನಿದ್ದೆ ಬರಲ್ಲ.”

“ನನಗೆ ಬರುತ್ತೆ,” ಅಂದಳು ಸನಿಯ್ಯಾ. ಅವನು ಕೇಳಲಿಲ್ಲ. ಬೀರು ಎರಡು ಗೇಣು ಸರಿಯಿತು, ಸಾದಾ ಮಂಚದ ಮೇಲೂ ಅಲ್ಲ, ಚಾಪೆಯ ಮೇಲೇ ಸಂಸಾರ ನಡೆಯಿತು.

ಈಗಲೂ ಎಲ್ಲಿಯಾದರೂ ಕಳೆದ ಚಿತ್ರ ಎಬ್ಬಿಸುವ ಹೊಸ ಪ್ರೋಗ್ರಾಂ ಸಿಕ್ಕರೆ, ಟವೆಲ್ಲಿನಲ್ಲಿ ಸುತ್ತಿದ ಆ ಹಳೆಯ ಡಿಸ್ಕು ಹಿಡಿದು ಬರುತ್ತಾನೆ. ಬಾಗಿಲಲ್ಲೇ ಅಮ್ಮ ಹಿಡಿಯುತ್ತಾಳೆ.

“ತಂದ್ಯೇನೋ ನನ್ನ ಮಗನ ನವಿಲಿನ ಬಾಲ?”

“ಹುಡುಕ್ತಾ ಇದೀನಿ ಹಾಗ್ಗಾ.”

“ಎಷ್ಟು ವರ್ಷ ಹುಡುಕ್ತೀಯೋ? ಕೈ ಹಾಗೆ ಬಿಟ್ಟುಕೊಂಡು ಕೆಲಸ ಮಾಡಬಾರದು ಅಂತ ಅವತ್ತೇ ಹೇಳಿದ್ದೆ.”

“ಹೌದು ಹಾಗ್ಗಾ, ಹೇಳಿದ್ರಿ.”

ನಾನು ಮರದ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ. ನೀನು ಏನೂ ಕೊಡಬೇಕಾಗಿಲ್ಲ ಅಂತ ಎಲ್ಲರೆದುರು ಹೇಳಬೇಕಾದರೆ ಯಾಕೆ ಅಂತಲೂ ಹೇಳಬೇಕಾಗುತ್ತದೆ. ಅಮ್ಮನಿಗೆ ವಯಸ್ಸಾಗಿದೆ. ಬೈದು ಮುಗಿಸಿ ಅವಳೇ ಅವನಿಗೆ ಈರುಳ್ಳಿ ತುಂಬಿದ ಬಾತುಕೋಳಿಯ ಕಾಲು ಬಡಿಸುತ್ತಾಳೆ. ಅವನು ಡಿಸ್ಕು ಸಿಕ್ಕಿಸುತ್ತಾನೆ, ಮೊದಲು ಆಜಾನ್ ವೇಳೆ ನೋಡಿಕೊಂಡು.

ಹೋದ ಶುಕ್ರವಾರವೂ ಬಂದಿದ್ದ. ಕಿರೀಟ ಬಂತು, ಕೊಕ್ಕು, ಕತ್ತು, ಅರ್ಧ ಎದೆ, ಬೂದು. ಅಮ್ಮ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಹೋದ ಸಲಕ್ಕಿಂತ ಒಂದು ಗರಿ ಜಾಸ್ತಿ ಬಂದಿದೆ,” ಅಂದಳು.

ಬಂದಿರಲಿಲ್ಲ. ನಜ್ಮಿ ನನ್ನ ಮುಖ ನೋಡಿದ. “ಬಂದಿದೆ ಹಾಗ್ಗಾ,” ಅಂದ. ಅವನಿಗೆಂದು ಮಾಡಿದ ಮಂಚ ಕಂಬಳಿ ಹೊದ್ದು ನನ್ನ ಕಾರ್ಖಾನೆಯ ಅಟ್ಟದ ಮೇಲೇ ಇದೆ.